ಕಸಿಗೆ ಹೋದ ಮೂಗು

ಯಸಳೂರಿನಿಂದ ಹೆತ್ತೂರಿಗೆ ಹೋಗುವ ದಾರಿಯಲ್ಲಿರುವ ರಾಜಶೇಖರ್ ಸಾಹುಕಾರರ ಎಸ್ಟೇಟಿನಲ್ಲಿ ಬೆಳಗಿನ ಗಂಟೆ ಹೊಡೆದ ಮೇಲೂ ಆಳುಗಳು ಗೇಟು ದಾಟುತ್ತಿರಲಿಲ್ಲ. ಮೊದಲು ಸೋಮಯ್ಯ ಮೂಸಬೇಕಿತ್ತು.

ತಲೆಗೆ ಸುತ್ತಿದ್ದ ಟವೆಲ್ಲನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಸೋಮಯ್ಯ ಗೇಟಿನಾಚೆ ಎರಡು ಹೆಜ್ಜೆ ಇಡುತ್ತಿದ್ದ. ಕಣ್ಣು ಮುಚ್ಚಿ, ಮುಖವನ್ನು ಕಾಫಿ ಗಿಡಗಳ ಕಡೆ ಎತ್ತಿ, ಸೊರ್ರೆಂದು ಉಸಿರೆಳೆಯುತ್ತಿದ್ದ. ಆ ಸದ್ದು ಆಳುಗಳ ಲೈನ್ ಮನೆಗಳವರೆಗೂ ಕೇಳುತ್ತಿತ್ತು. ಕೆರೆ ಬತ್ತಿದ ಮೇಲೆ ಪಂಪ್‌ಸೆಟ್ಟು ಕೆಸರು ಎಳೆಯುತ್ತದಲ್ಲ, ಹಾಗೆ. ಆಮೇಲೆ ಆಳುಗಳೂ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೊನೆಗೆ ಸೋಮಯ್ಯ ಕಣ್ಣು ಬಿಟ್ಟು, "ಆನೆ ಇಲ್ಲ. ನಡೀರಿ" ಎನ್ನುತ್ತಿದ್ದ. ಎಲ್ಲರಿಗಿಂತ ಮುಂದೆ ಬುಟ್ಟಿ ಹಿಡಿದು ಒಳಗೆ ಹೋಗುತ್ತಿದ್ದವಳು ಅವನ ಹೆಂಡತಿ ಹುಲಿಯಮ್ಮ. ಗಂಡನ ಮೂಗಿನ ಮೇಲೆ ಹೆಂಡತಿಗೇ ನಂಬಿಕೆ ಇಲ್ಲ ಅಂದರೆ ಊರವರು ಯಾಕೆ ನಂಬುತ್ತಾರೆ ಎಂಬುದು ಅವಳ ವಾದ.

ಈ ಪದವಿ ಅವನಿಗೆ ಬಂದದ್ದು ಒಂದು ಸೀನಿನಿಂದ. ಹಿಂದೊಮ್ಮೆ ಕೆಲಸಕ್ಕೆ ಹೋಗುವಾಗ ಗೇಟಿನ ಹತ್ತಿರ ಅವನಿಗೆ ಸೀನು ಹತ್ತಿಕೊಂಡು ಬಿಡಲೇ ಇಲ್ಲ. ದಾರಿಗೆ ಅಡ್ಡವಾಗಿ ಬಗ್ಗಿ ನಿಂತವನನ್ನು ದಾಟಿಕೊಂಡು ಹೋಗುವುದು ಹೇಗೆಂದು ಆಳುಗಳು ಅವನ ಹಿಂದೆಯೇ ನಿಂತರು. ಅಷ್ಟರಲ್ಲಿ ಮುಂದಿನ ತಿರುವಿನಲ್ಲಿ ಒಂದು ಒಂಟಿ ಸಲಗ ಆರಾಮವಾಗಿ ರಸ್ತೆ ದಾಟಿತು. "ಸೋಮಯ್ಯಂಗೆ ಮೊದ್ಲೇ ವಾಸ್ನೆ ಬಂದುಬುಟ್ಟಿತ್ತು ಕಣ್ರೋ!" ಎಂದು ಯಾರೋ ಕೂಗಿದರು. ಸೀನಿ ಸೀನಿ ಕಣ್ಣಲ್ಲಿ ನೀರು ತುಂಬಿಕೊಂಡಿದ್ದ ಸೋಮಯ್ಯನಿಗೆ ಇಲ್ಲ ಎನ್ನಲು ಉಸಿರಿರಲಿಲ್ಲ. ಉಸಿರು ಬರುವ ಹೊತ್ತಿಗೆ ಅವನಿಗೂ ಅದು ನಿಜವೆನಿಸಿತ್ತು.

ಅವನು ಮೋಸಗಾರ ಎಂದು ಯಾರೂ ತಿಳಿಯಬಾರದು. ಅವನಿಗೆ ತನ್ನ ಮೂಗಿನ ಮೇಲೆ ಪ್ರಾಮಾಣಿಕವಾದ ಭಕ್ತಿಯಿತ್ತು. ಮಲ್ಲಿಗೆಯ ವಾಸನೆ ಅವನಿಗೆ ಬರುತ್ತಿರಲಿಲ್ಲ. ಸಾರು ಸೀದರೂ ತಿಳಿಯುತ್ತಿರಲಿಲ್ಲ. ಅಟ್ಟದ ಮೇಲೆ ಇಲಿ ಸತ್ತು ಹುಲಿಯಮ್ಮ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದಾಗ ಅವನು ಅದರ ಕೆಳಗೇ ಕೂತು ಉಪ್ಪಿಟ್ಟು ತಿಂದಿದ್ದ. "ಇವೆಲ್ಲ ಸಣ್ಣಪುಟ್ಟ ವಾಸ್ನೆ ಕಣೆ. ಆನೆ ಹಿಡಿಯೋ ಮೂಗು ಇಲಿ ಹಿಡೀತದಾ?" ಎಂದು ಕೇಳಿದ್ದ. ಬೆಳಿಗ್ಗೆ ಎದ್ದರೆ ತಲೆಭಾರ, ಹಣೆನೋವು, ಗಂಟಲಿಗೆ ಕಫ. ಅದು ಆನೆ ಮೂಸುವವರಿಗೆ ಬರುವ ಆಯಾಸ ಎಂದುಕೊಂಡಿದ್ದ. ತಲೆನೋವು ಜೋರಾಗಿದ್ದ ದಿನ "ಐತೆ, ನಿಲ್ಲಿ" ಎನ್ನುತ್ತಿದ್ದ, ಹಗುರವಾಗಿದ್ದ ದಿನ "ಇಲ್ಲ" ಎನ್ನುತ್ತಿದ್ದ. ಇಲ್ಲ ಅಂದ ದಿನ ಆನೆ ಯಾರಿಗೂ ಎದುರಾಗಿರಲಿಲ್ಲ. ಐತೆ ಅಂದ ದಿನ ಯಾರೂ ಒಳಗೆ ಹೋಗುತ್ತಿರಲಿಲ್ಲವಾದ್ದರಿಂದ ಆನೆ ಇತ್ತೋ ಇಲ್ಲವೋ ಎಂದು ನೋಡುವ ಪ್ರಮೇಯವೇ ಬರಲಿಲ್ಲ. ಹೀಗೆ ಅವನ ಮೂಗು ಒಮ್ಮೆಯೂ ಸುಳ್ಳಾಗದೆ ನಡೆದುಕೊಂಡು ಬಂದಿತ್ತು. ಜ್ಯೋತಿಷಿಗಳಿಗೂ ಇಂಥ ಅನುಕೂಲ ಇರುವುದಿಲ್ಲ.

ಇಂಥ ಕಾಲದಲ್ಲಿ ಯಸಳೂರಿಗೆ ಡಾಕ್ಟರ ತಂಡ ಬಂತು.

ಯಾವುದೋ ಮೆಡಿಕಲ್ ಕಾಲೇಜಿನ ಮೂಗಿನ ಡಾಕ್ಟರು ನವ್ಯಶ್ರೀ, ಜೊತೆಗೆ ಇಬ್ಬರು ನರ್ಸುಗಳು, ಒಂದು ಐಸ್ ಪೆಟ್ಟಿಗೆ. ಸಮುದಾಯ ಭವನದಲ್ಲಿ ಎರಡು ಸಾಲು ಮಾಡಿಸಿ ಅವರು ವಿವರಿಸಿದರು. "ವರ್ಷಗಟ್ಟಲೆ ಮೂಗು ಕಟ್ಟಿಕೊಂಡು ಒದ್ದಾಡೋ ಸೈನಸ್ ಕಾಯಿಲೆಯವರು ಎಡಗಡೆ ನಿಲ್ಲಿ. ಅವರ ಮೂಗಿನಲ್ಲಿ ಯಾವ ಜೀನ್‌ಗಳು ಅತಿಯಾಗಿ ಕೆಲಸ ಮಾಡ್ತಿವೆ, ಯಾವುವು ಸುಮ್ಮನಾಗಿವೆ ಅಂತ ನಾವು ನೋಡ್ತೀವಿ. ಹೋಲಿಸೋದಕ್ಕೆ ಒಳ್ಳೆ ಮೂಗಿನವರೂ ಬೇಕು. ಅವರು ಬಲಗಡೆ."

"ಜೀನ್ ಅಂದ್ರೆ ಏನ್ ಮೇಡಂ?" ಎಂದು ಕೇಳಿದವನು ಅದೇ ಎಸ್ಟೇಟಿನಲ್ಲಿ ಸಸಿ ನೋಡಿಕೊಳ್ಳುವ ನರ್ಸರಿ ಲಕ್ಕಪ್ಪ. ಹಿಪ್ಪಲಿ ಬುಡಕ್ಕೆ ಮೆಣಸಿನ ಬಳ್ಳಿ ಕಸಿ ಕಟ್ಟುವುದರಲ್ಲಿ ಆ ಸೀಮೆಗೇ ಹೆಸರಾದವನು. ತನಗೆ ತಿಳಿಯದ ವಿಷಯ ಲೋಕದಲ್ಲಿ ಇರಬಾರದು ಎಂಬ ಸ್ವಭಾವದವನು.

"ಎಸ್ಟೇಟಲ್ಲಿ ಆಳುಗಳು ಇದ್ದ ಹಾಗೆ" ಎಂದರು ಡಾಕ್ಟರು. "ಲೈನಲ್ಲಿ ಎಲ್ಲರೂ ಇರ್ತಾರೆ. ಇವತ್ತು ಕೆಲಸಕ್ಕೆ ಬಂದಿರೋರು ಯಾರು, ಕಂಬಳಿ ಹೊದ್ದು ಮಲಗಿರೋರು ಯಾರು? ಅದನ್ನ ನೋಡೋದೇ ನಮ್ಮ ಕೆಲಸ."

ಒಳ್ಳೆ ಮೂಗು ಬೇಕಂತೆ ಎಂಬ ಸುದ್ದಿ ಎಸ್ಟೇಟಿಗೆ ಮುಟ್ಟಿದ ಕೂಡಲೇ ಸಾಹುಕಾರರು ಜೀಪು ಕೊಟ್ಟು ಸೋಮಯ್ಯನನ್ನು ಕಳಿಸಿದರು. ಅವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮೂಗಿಗೆ ಗಾಳಿ ತಾಗದಂತೆ ಟವೆಲ್ ಅಡ್ಡ ಹಿಡಿದುಕೊಂಡು ಬಂದು ಬಲಗಡೆಯ ಸಾಲಿನಲ್ಲಿ ನಿಂತ. ಅವನ ಮುಂದೆ ಲಕ್ಕಪ್ಪ. ಲಕ್ಕಪ್ಪನ ಮೂಗಿಗೆ ಸಣ್ಣ ಬ್ರಷ್ಷು ಹಾಕಿ ಒರೆಸಿಕೊಂಡು, "ಚೆನ್ನಾಗಿದೆ, ಹೋಗಿ" ಎಂದು ಡಾಕ್ಟರು ಕಳಿಸಿಬಿಟ್ಟರು.

ಆಮೇಲೆ ಸೋಮಯ್ಯ ಕೂತ. ಡಾಕ್ಟರು ತುದಿಯಲ್ಲಿ ದೀಪ ಇರುವ ನಳಿಗೆಯನ್ನು ಅವನ ಮೂಗಿನೊಳಗೆ ಇಳಿಸಿ, ಅದಕ್ಕೆ ಜೋಡಿಸಿದ್ದ ಟೀವಿಯ ಕಡೆ ನೋಡಿದರು. ನೋಡಿದವರ ಕೈ ಅಲ್ಲೇ ನಿಂತಿತು. ನರ್ಸು ಬಗ್ಗಿ ನೋಡಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹೋಗಿ ಎಂದರೂ ಹೋಗದೆ ಬಾಗಿಲಲ್ಲಿ ಕತ್ತು ಚಾಚಿಕೊಂಡಿದ್ದ ಲಕ್ಕಪ್ಪ, "ಅಯ್ಯಯ್ಯಪ್ಪ! ಸಿಪ್ಪೆ ಸುಲಿಯೋ ಪಲ್ಪರಿಂದ ಈಗ ಬಿದ್ದ ಕಾಫಿ ಬೀಜ ಇದ್ದಂಗೈತಲ್ಲ!" ಎಂದು ಕೂಗಿದ. ನಿಜ. ಬೆಳ್ಳಗೆ, ಲೋಳೆ ಲೋಳೆಯಾಗಿ, ಒಂದರ ಮೇಲೊಂದು ಒತ್ತಿಕೊಂಡು, ಒಂದು ಇರುವೆಯೂ ನುಸುಳದಂತೆ ತುಂಬಿಕೊಂಡಿದ್ದವು.

ಬಾಗಿಲು ಹಾಕಿಸಿ ಡಾಕ್ಟರು ನಿಧಾನವಾಗಿ ಹೇಳಿದರು. "ನೋಡಿ ಸೋಮಯ್ಯನವರೇ, ನೀವು ನಿಲ್ಲಬೇಕಾದ ಸಾಲು ಇದಲ್ಲ. ಒಳಗೆ ದುರ್ಮಾಂಸ ಬೆಳೆದಿದೆ. ನನ್ನ ಸರ್ವೀಸಿನಲ್ಲೇ ಇಂಥ ಮೂಗು ನೋಡಿಲ್ಲ. ನಮ್ಮ ಸಂಶೋಧನೆಗೆ ನೀವು ಬಹಳ ಮುಖ್ಯ. ಒಂದು ಚೂರು ಕತ್ತರಿಸಿ ತಗೊಂಡು ಹೋಗ್ಲಾ? ನಿಮಗೆ ಇಷ್ಟ ಇದ್ದರೆ ಮಾತ್ರ."

ಇಷ್ಟು ಮಾತಿನಲ್ಲಿ ಸೋಮಯ್ಯನ ತಲೆಯಲ್ಲಿ ಉಳಿದದ್ದು ಎರಡೇ. ಇಂಥ ಮೂಗು ನೋಡಿಲ್ಲ. ನೀವು ಬಹಳ ಮುಖ್ಯ. ಉಳಿದದ್ದನ್ನು ಅವನು ಡಾಕ್ಟರ ಭಾಷೆ ಎಂದು ಬಿಟ್ಟುಬಿಟ್ಟ. "ಎಷ್ಟು ಬೇಕೋ ತಗಳಿ ತಾಯಿ" ಎಂದು ಎದೆ ಮುಂದೆ ಮಾಡಿ ಕೂತ. ಚೂರು ಬಂತು, ಶೀಷೆಗೆ ಇಳಿಯಿತು, ಐಸ್ ಪೆಟ್ಟಿಗೆ ಸೇರಿತು. ಇದಿಷ್ಟನ್ನೂ ಲಕ್ಕಪ್ಪ ಕಿಟಕಿಯಿಂದ ನೋಡಿದ.

ಲಕ್ಕಪ್ಪನಿಗೆ ಮೊದಲು ಆದದ್ದು ಅವಮಾನ. ತನ್ನ ಮೂಗನ್ನು ಬರೀ ಒರೆಸಿ ಕಳಿಸಿದ್ದರು. ಆಮೇಲೆ ಆದದ್ದು ಜ್ಞಾನೋದಯ. ಒಂದು ಬಳ್ಳಿ ಭರ್ಜರಿಯಾಗಿ ಕಾಯಿ ಕಚ್ಚಿತೆಂದರೆ ಅದರ ತುಂಡನ್ನು ಯಾಕೆ ಕತ್ತರಿಸುತ್ತಾರೆ? ಕತ್ತರಿಸಿದ್ದು ಒಣಗದಂತೆ ಯಾಕೆ ತಂಪಿನಲ್ಲಿಟ್ಟು ಸಾಗಿಸುತ್ತಾರೆ? ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ! ಯಸಳೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅವನು ಸಾರಿದ. "ಸೋಮಯ್ಯನ ಮೂಗಿಂದ ಕಸಿಕಡ್ಡಿ ತಗಂಡವ್ರೆ ಕಣ್ರೀ! ತಾಯಿಬಳ್ಳಿ ಇವನೇ. ಇನ್ಮೇಲೆ ಆನೆ ಮೂಸೋ ಮೂಗು ಎಲ್ಲಾರ್ಗೂ ಕಸಿ ಮಾಡ್ತಾರೆ!"

"ಮೂಗಿಗೆ ಕಸಿ ಹತ್ತುತದಾ ಮಾರಾಯ?" ಎಂದು ಹೋಟೆಲಿನವನು ಕೇಳಿದ.

"ಹಿಪ್ಪಲಿಗೆ ಮೆಣಸು ಹತ್ತಲ್ವಾ? ಡಾಕ್ಟ್ರು ಹಾಕಿದ್ರೆ ಸೊಂಟದ ಮೂಳೆ ಚಕ್ಕೆ ಕಾಲಿಗೆ ಹತ್ತಲ್ವಾ? ಮೂಗೇನು ಪಾಪ ಮಾಡಿತ್ತು?" ಎಂದ ಲಕ್ಕಪ್ಪ.

ಮಾರನೆಯ ದಿನ ಮಧ್ಯಾಹ್ನ ಕುಂದೂರಿನಿಂದ ಹುಲಿಯಮ್ಮನ ಅಕ್ಕ ಸುಲೋಚನಮ್ಮ ಬಸ್ಸಿಳಿದು, ಲೈನಿನ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತಾ ಬಂದಳು. "ಅಯ್ಯೋ ನನ್ ತಂಗೀ! ನಿನ್ ಗಂಡನ ಮೂಗು ಕುಯ್ಕಂಡು ಹೋಗ್ಬುಟ್ರಂತಲ್ಲೇ!" ಎಂದು ಬಾಗಿಲಿಗೆ ಬಂದವಳು, ಜಗಲಿಯ ಮೇಲೆ ಮೂಗಿನ ಸಮೇತ ಕೂತಿದ್ದ ಸೋಮಯ್ಯನನ್ನು ಕಂಡು ಗಕ್ಕನೆ ನಿಂತಳು. ಬಗ್ಗಿ ಎಡದಿಂದ ನೋಡಿದಳು, ಬಲದಿಂದ ನೋಡಿದಳು. "ಇಲ್ಲೇ ಐತಲ್ಲ" ಎಂದಾಗ ಅವಳ ದನಿಯಲ್ಲಿ ಬಸ್ಸು ಹತ್ತಿ ಬಂದದ್ದು ವ್ಯರ್ಥವಾಯಿತಲ್ಲ ಎಂಬ ಸಂಕಟವಿತ್ತು. ಕಾಫಿ ಕುಡಿದ ಮೇಲೆ ಚೇತರಿಸಿಕೊಂಡು, "ಸೋಮಯ್ಯನೋರೇ, ನಮ್ಮ ಅಳಿಯನೂ ತೋಟದಲ್ಲೇ ಓಡಾಡೋನು. ಮೊದಲನೇ ಕಸಿ ಅವನಿಗೇ ಕೊಡಿಸ್ಬುಡಿ. ಮನೆ ಮೂಗು ಮನೇಲೇ ಇರ್ಲಿ" ಎಂದಳು.

ಅವಳ ಹಿಂದೆಯೇ ಫಾರೆಸ್ಟರ್ ಚಂದ್ರಶೇಖರ ಬೈಕಿನಲ್ಲಿ ಬಂದ. "ಆನೆ ಎಲ್ಲೈತೆ ಅಂತ ಹುಡುಕಿ ಹುಡುಕಿ ನಮ್ಮ ಹುಡುಗರ ಬೂಟು ಸವೆದು ಹೋಗವೆ ಸೋಮಯ್ಯ. ಕಸಿ ಬಂದಾಗ ನಮ್ಮೋರನ್ನ ಮರೀಬೇಡ" ಎಂದು ಕೈ ಹಿಡಿದುಕೊಂಡ. ಸುತ್ತಲ ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬಂದರು. ತಾಯಿಬಳ್ಳಿಗೆ ಬಲ ಬರಲಿ ಎಂದು ಒಬ್ಬ ನಾಟಿಕೋಳಿ ತಂದ, ಒಬ್ಬ ಜೇನುತುಪ್ಪ ತಂದ. ಸೋಮಯ್ಯ ಯಾರಿಗೂ ಇಲ್ಲ ಅನ್ನಲಿಲ್ಲ. ಯಾರಿಗೂ ಇಲ್ಲ ಅನ್ನದ ಮನುಷ್ಯನನ್ನು ನಮ್ಮ ಜನ ದೊಡ್ಡವನು ಎನ್ನುತ್ತಾರೆ, ಅವನು ಕೊಡುವುದಕ್ಕೆ ಏನಿದೆ ಎಂದು ಯಾರೂ ನೋಡುವುದಿಲ್ಲ.

ಸಿಡಿಲು ಬಡಿದಂತಾದದ್ದು ಸಾಹುಕಾರರಿಗೆ. "ನನ್ನ ತೋಟದಲ್ಲಿ ಬೆಳೆದ ಮೂಗು ಕಣೋ ಅದು! ನನ್ನ ಗಾಳಿ ಕುಡಿದ ಮೂಗು! ನನ್ನನ್ನ ಒಂದು ಮಾತು ಕೇಳದೆ ಕಡ್ಡಿ ಕೊಟ್ಟುಬಿಟ್ಟೆಯಾ?" ಎಂದು ಬಂಗಲೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಪಕ್ಕದ ಎಸ್ಟೇಟಿಗೆಲ್ಲ ಇಂಥ ಮೂಗು ಬಂದರೆ ತಮ್ಮ ಹೆಚ್ಚುಗಾರಿಕೆ ಏನುಳಿಯಿತು? ರಾತ್ರಿಯೆಲ್ಲ ಯೋಚಿಸಿ, ಮೂಗಿನ ಮೇಲಿನ ಹಕ್ಕನ್ನು ಊರ ಮುಂದೆ ಸ್ಥಾಪಿಸಬೇಕೆಂದು ತೀರ್ಮಾನಿಸಿ, ಸೋಮಯ್ಯನಿಗೆ ಕಾಫಿ ಕಣದಲ್ಲಿ ಸನ್ಮಾನ ಇಟ್ಟುಕೊಂಡರು. ಡಾಕ್ಟರಿಗೂ ಹೇಳಿ ಕಳಿಸಿದರು.

ಡಾಕ್ಟರು ಬರುತ್ತೇನೆಂದು ಒಪ್ಪಿದ್ದೇ ಬೇರೆ ಕಾರಣಕ್ಕೆ. ಪರೀಕ್ಷೆಯ ಫಲಿತಾಂಶ ಕೈಗೆ ಬಂದಿತ್ತು. ಶಾಮಿಯಾನ, ಮೈಕು, ಮೈಸೂರು ಪೇಟ ಸುತ್ತಿಸಿಕೊಂಡು ಕೂತ ರೋಗಿ, ಇದನ್ನೆಲ್ಲ ನೋಡಿ ಅವರು ಗಾಬರಿಯಾದರು. "ನಾಲ್ಕು ಮಾತು ಆಡಿ ಮೇಡಂ" ಎಂದು ಸಾಹುಕಾರರು ಮೈಕು ಕೊಟ್ಟರೆ ಹಿಡಿದುಕೊಳ್ಳಲೇ ಇಲ್ಲ. "ಕಾಯಿಲೆ ವಿಷಯ ಮೈಕಲ್ಲಿ ಹೇಳಬಾರದು. ಇವರೊಬ್ಬರ ಜೊತೆಯೇ ಮಾತಾಡಬೇಕು" ಎಂದು ಸೋಮಯ್ಯನನ್ನು ಕಣದ ಪಕ್ಕದ ಕಾಫಿ ಸ್ಟೋರಿನ ಹಿಂದಕ್ಕೆ ಕರೆದುಕೊಂಡು ಹೋದರು. ಸೋಮಯ್ಯ ಸಾಹುಕಾರರನ್ನೂ ಎಳೆದುಕೊಂಡು ಹೋದ. ಹೊಗಳಿಕೆಗೆ ಒಬ್ಬ ಸಾಕ್ಷಿ ಇರಲಿ ಎಂದು.

"ನಿಮ್ಮ ಮೂಗು ಕಟ್ಟಿ ಎಷ್ಟೋ ವರ್ಷ ಆಗಿದೆ" ಎಂದರು ಡಾಕ್ಟರು. "ಊತ ಏರಿಸೋ ಜೀನ್‌ಗಳು ಹಗಲೂ ರಾತ್ರಿ ದುಡೀತಿವೆ. ವಾಸನೆಗೆ ಸಂಬಂಧಪಟ್ಟವು ಬಹುಮಟ್ಟಿಗೆ ಮಲಗಿಬಿಟ್ಟಿವೆ. ವಾಸನೆ ಮೇಲಕ್ಕೆ ಹೋಗೋದಕ್ಕೆ ದಾರಿಯೇ ಇಲ್ಲ. ನಿಮಗೆ ಯಾವ ವಾಸನೆಯೂ ಬರ್ತಾ ಇರೋಕೆ ಸಾಧ್ಯ ಇಲ್ಲ."

"ಸಣ್ಣ ವಾಸ್ನೆ ಬರಲ್ಲ ತಾಯಿ, ದಿಟ" ಎಂದ ಸೋಮಯ್ಯ. "ಆನೆದು?"

"ಆನೇದೂ ಇಲ್ಲ."

ಪೇಟ ಅವನ ಹಣೆಯ ಮೇಲಿಂದ ಕಣ್ಣಿನವರೆಗೆ ಜಾರಿತು. ಸಾಹುಕಾರರು ಗೋಡೆ ಹಿಡಿದುಕೊಂಡರು. ಆಚೆ ಕಣದಲ್ಲಿ ಜನ ಕಾಯುತ್ತಿದ್ದರು. ಹಣ್ಣಿನ ಕಾಲ, ಗಿಡದಲ್ಲಿ ಕಾಫಿ ಕೆಂಪಗೆ ತೂಗುತ್ತಿತ್ತು. ಸೋಮಯ್ಯ ಮೂಸದಿದ್ದರೆ ಒಬ್ಬ ಆಳೂ ಗೇಟು ದಾಟುವುದಿಲ್ಲ. "ರಿಪೇರಿ ಆಗ್ತದಾ?" ಎಂದು ಕೇಳಿದರು ಸಾಹುಕಾರರು. ಆಪರೇಷನ್ ಮಾಡಿದರೆ ವಾಸನೆ ಮರಳಬಹುದು ಎಂದರು ಡಾಕ್ಟರು. ಕೂಡಲೇ ಸಾಹುಕಾರರು ಹೊರಗೆ ಹೋಗಿ ಮೈಕು ಹಿಡಿದು, "ಇಂಥ ಮೂಗನ್ನ ತಮ್ಮ ಸರ್ವೀಸಿನಲ್ಲೇ ನೋಡಿಲ್ಲ ಅಂತ ಡಾಕ್ಟರೇ ಹೇಳಿದ್ದಾರೆ! ಹೆಚ್ಚಿನ ಕಡ್ಡಿಗಾಗಿ ಸೋಮಯ್ಯ ಹಾಸನಕ್ಕೆ ಹೋಗ್ತಾ ಇದ್ದಾನೆ!" ಎಂದರು. ಚಪ್ಪಾಳೆಗೆ ಶಾಮಿಯಾನವೇ ಅಲ್ಲಾಡಿತು.

ಹಾಸನದ ಆಸ್ಪತ್ರೆಯ ಮಂಚದ ಮೇಲೆ ಸೋಮಯ್ಯ ಡಾಕ್ಟರನ್ನು ನಂಬದಿರಲು ಶಕ್ತಿಮೀರಿ ಹೆಣಗಿದ. ಚಿಕ್ಕ ಹುಡುಗಿ, ಆನೆ ಕಂಡಿದ್ದಾಳೋ ಇಲ್ಲವೋ. ಆದರೂ ಕಣ್ಣು ಮುಚ್ಚಿದರೆ ಹುಲಿಯಮ್ಮ ಬುಟ್ಟಿ ಹಿಡಿದು ಗೇಟಿನೊಳಗೆ ಹೋಗುವುದು ಕಾಣುತ್ತಿತ್ತು, ಎದ್ದು ಕೂರುತ್ತಿದ್ದ. ಅವನ ಮೂಗಿನಿಂದ ತೆಗೆದದ್ದನ್ನು ಕಂಡು ನರ್ಸು, "ಇಷ್ಟನ್ನ ಇಟ್ಕೊಂಡು ಹೇಗಯ್ಯಾ ಬದುಕಿದ್ದೆ?" ಎಂದಳು. ಇತ್ತ ಎಸ್ಟೇಟಿನಲ್ಲಿ ಆಳುಗಳು ಗೇಟಿನವರೆಗೆ ಬಂದು, ಮೂಸುವವರಿಲ್ಲವೆಂದು ವಾಪಸು ಹೋಗುತ್ತಿದ್ದರು. ಹಣ್ಣು ಉದುರುತ್ತಿತ್ತು. ಸಾಹುಕಾರರು ದಿನಾ ಆಸ್ಪತ್ರೆಗೆ ಫೋನ್ ಮಾಡಿ, "ಬೇಗ ಕಳಿಸಿ, ಮೂಗು ಸುಮಾರಾಗಿದ್ದರೂ ಪರವಾಗಿಲ್ಲ" ಎನ್ನುತ್ತಿದ್ದರು.

ಊರಿಗೆ ಬಂದು, ಹತ್ತಿ ತೆಗೆದು, ಮದ್ದಿನ ನೀರು ಹಾಕಿಕೊಂಡು ಕೆಲವು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಸೋಮಯ್ಯ ಹಾಸಿಗೆಯಲ್ಲಿ ದಡಕ್ಕನೆ ಎದ್ದು ಕೂತ. ಮನೆಯೊಳಗೆ ಏನೋ ಸತ್ತಿದೆ!

"ಹುಲಿಯಮ್ಮಾ! ಇಲಿ! ಇಲಿ ಸತ್ತೈತೆ!"

ಹುಲಿಯಮ್ಮ ಬಂದು ನೋಡಿದಳು. "ಇಲಿ ಎಲ್ಲಿ? ಅದು ನಿನ್ ಟವೆಲ್ಲು."

ಅವನು ಟವೆಲ್ಲನ್ನು ಎತ್ತಿ ಮತ್ತೊಮ್ಮೆ ಮೂಸಿದ. ಆ ಟವೆಲ್ಲಿಗೆ ಸನ್ಮಾನದ ದಿನ ಗಂಧ ಹಚ್ಚಿದ್ದರು. ಒಲೆಯ ಮೇಲೆ ಕಾಫಿ ಕುದಿಯುತ್ತಿತ್ತು, ಅದರ ಪರಿಮಳ ಬಂದಾಗ ಅವನ ಕಣ್ಣಲ್ಲಿ ನೀರೇ ಬಂತು. ಕಾಫಿ ತೋಟದಲ್ಲಿ ಹುಟ್ಟಿ ಬೆಳೆದವನು, ಕಾಫಿಗೆ ಇಂಥದ್ದೊಂದು ಗುಣ ಇದೆ ಎಂಬುದನ್ನೇ ಮರೆತುಹೋಗಿದ್ದ. ಆಪರೇಷನ್ ಮಾಡಿದರೆ ವಾಸನೆ ಮರಳಬಹುದು ಎಂದು ಡಾಕ್ಟರು ಹೇಳಿದ್ದು ನಿಜ. ಸಣ್ಣ ವಾಸನೆಗಳೆಲ್ಲ ಬಂದಿವೆ ಎಂದ ಮೇಲೆ ಆನೆಯ ಮಾತೇನು ಎಂದು ಅವನು ಹಿಗ್ಗಿ, ಅಂಗಿ ತೊಟ್ಟು ಗೇಟಿಗೆ ಹೊರಟ.

ಗೇಟಿನಲ್ಲಿ ಊರೇ ನೆರೆದಿತ್ತು. ಸಾಹುಕಾರರು ಹೊಸ ಮೂಗಿನ ಪ್ರಥಮ ಪ್ರಯೋಗ ನೋಡಲು ಜೀಪಿನಲ್ಲಿ ಬಂದಿದ್ದರು. ಫಾರೆಸ್ಟರ್ ಚಂದ್ರಶೇಖರ ಬಂದಿದ್ದ. ಕತ್ತರಿಸಿದ ತಾಯಿಬಳ್ಳಿ ಹೇಗೆ ಚಿಗುರಿದೆ ನೋಡಲು ಲಕ್ಕಪ್ಪ ಬಂದಿದ್ದ. ಹುಲಿಯಮ್ಮ ಬುಟ್ಟಿ ಹಿಡಿದು ಎಂದಿನಂತೆ ಎಲ್ಲರ ಮುಂದೆ ನಿಂತಿದ್ದಳು.

ಸೋಮಯ್ಯ ಎರಡು ಹೆಜ್ಜೆ ಆಚೆ ಹೋಗಿ ಕಣ್ಣು ಮುಚ್ಚಿ ಉಸಿರೆಳೆದ. ಸದ್ದೇ ಬರಲಿಲ್ಲ. "ಇದೇನಿದು, ಸೊರ್ರನ್ಲೇ ಇಲ್ಲ!" ಎಂದು ಜನ ಗುಸುಗುಟ್ಟಿದರು. ಆದರೆ ಗಾಳಿ ಒಳಗೆ ಹೋಗಿತ್ತು, ಗಾಳಿಯ ಜೊತೆ ಒಂದು ವಾಸನೆಯೂ. ಹಸಿ ಲದ್ದಿ, ನೆನೆದ ಗೋಣಿಚೀಲ, ಸಿಗಿದ ಬಗನೆ ಮರ, ಎಲ್ಲ ಕಲಸಿದಂಥ ಒಂದು ಭಾರವಾದ ಹುಳಿ ವಾಸನೆ. ಸೋಮಯ್ಯ ತಬ್ಬಿಬ್ಬಾದ. ಅದು ಏನೆಂದು ಅವನಿಗೆ ಗೊತ್ತಾಗಲಿಲ್ಲ. ಜೀವಮಾನದಲ್ಲಿ ಅಂಥದ್ದನ್ನು ಅವನು ಮೂಸಿಯೇ ಇರಲಿಲ್ಲ.

ಅವನ ಮೌನವನ್ನೇ ಒಪ್ಪಿಗೆ ಎಂದುಕೊಂಡು ಹುಲಿಯಮ್ಮ ಗೇಟು ದಾಟುತ್ತಿದ್ದಳು.

"ತಡಿ ತಡಿ" ಎಂದು ಅವಳ ತೋಳು ಹಿಡಿದ. "ಇದೇನಿದು, ಹುಳಿ ಹುಳಿ ವಾಸ್ನೆ?"

"ಯಾವ್ದು? ಇದಾ?" ಹುಲಿಯಮ್ಮ ಮೂಗು ಅಲ್ಲಾಡಿಸಿದಳು. "ಇದು ದಿನಾ ಬತ್ತದಲ್ಲ. ತೋಟದ ವಾಸ್ನೆ."

"ತೋಟದ ವಾಸ್ನೆಯಾ?"

"ಹೂಂ ಮತ್ತೆ. ಮೊದಮೊದ್ಲು ನಾನೂ ಆನೆ ವಾಸ್ನೆ ಅಂದ್ಕಂಡಿದ್ದೆ. ನೀನು ಆನೆ ಇಲ್ಲ ಅಂತಿದ್ಯಲ್ಲ, ಅದ್ಕೆ ತೋಟದ್ದೇ ಇರ್ಬೇಕು ಅಂತ ಸುಮ್ನಾದೆ."

"ನಂಗೂ ದಿನಾ ಬತ್ತಿತ್ತು ಕಣೋ" ಎಂದ ಲಕ್ಕಪ್ಪ. "ನನ್ ಮೂಗಿಗೇ ಏನೋ ಆಗೈತೆ ಅಂದ್ಕಂಡಿದ್ದೆ."

"ನಮಗೂ ಬತ್ತಿತ್ತು" ಎಂದರು ಹಿಂದಿನವರು. ಎಲ್ಲರಿಗೂ ಬರುತ್ತಿತ್ತು. ವರ್ಷಗಟ್ಟಲೆ ಅಷ್ಟೂ ಜನ ತಮ್ಮ ತಮ್ಮ ಮೂಗನ್ನು ಸುಳ್ಳು ಮಾಡಿಕೊಂಡು, ಇಡೀ ಎಸ್ಟೇಟಿನಲ್ಲಿ ಕೆಲಸ ಮಾಡದ ಒಂದೇ ಒಂದು ಮೂಗಿನ ಹಿಂದೆ ಹೋಗಿದ್ದರು. ಫಾರೆಸ್ಟರ್ ಚಂದ್ರಶೇಖರ ನಿಧಾನವಾಗಿ ಮೂಸಿದ. "ಸೋಮಯ್ಯ, ಇದು ಆನೆ" ಎಂದು ಪಿಸುಗುಟ್ಟಿದ. ಅಷ್ಟರಲ್ಲಿ ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ, ಮೆಣಸು ಹಬ್ಬಿದ ಸಿಲ್ವರ್ ಮರದ ಹಿಂದೆ, ಮಣ್ಣಿನ ದಿಬ್ಬ ಎಂದು ಎಲ್ಲರೂ ತಿಳಿದಿದ್ದ ದಿಬ್ಬ ಕಿವಿ ಬೀಸಿತು.

ಆಮೇಲೆ ಯಾರು ಯಾರನ್ನು ತುಳಿದುಕೊಂಡು ಓಡಿದರೋ ಹೇಳುವುದು ಕಷ್ಟ. ಸಾಹುಕಾರರು ಜೀಪನ್ನೇ ಮರೆತು ಓಡಿದರು. ಲಕ್ಕಪ್ಪ ಎಲ್ಲರಿಗಿಂತ ಮೊದಲು ಸ್ಟೋರ್ ಸೇರಿ ಬಾಗಿಲು ಹಾಕಲು ನೋಡಿದ, ಹೆಂಗಸರು ಬಾಗಿಲ ಸಮೇತ ಅವನನ್ನು ಒಳಗೆ ತಳ್ಳಿದರು. ಓಡದೆ ಇದ್ದದ್ದು ಆನೆ ಮಾತ್ರ. ದಿನಾ ತನ್ನ ಮಗ್ಗುಲಲ್ಲೇ ಹಾಡು ಹೇಳಿಕೊಂಡು ಹಣ್ಣು ಕೊಯ್ಯುತ್ತಿದ್ದ ಜನಕ್ಕೆ ಇವತ್ತೇನು ಬಂತು ಎಂದು ಅದು ನೋಡುತ್ತಾ ನಿಂತಿತ್ತು.

ಸ್ಟೋರಿನೊಳಗೆ ಮೂಟೆಗಳ ನಡುವೆ ಎಲ್ಲರೂ ಏದುಸಿರು ಬಿಡುತ್ತಾ ಕೂತರು. ಮೊದಲು ದನಿ ಬಂದದ್ದು ಸಾಹುಕಾರರಿಗೆ. "ಭಲೇ ಸೋಮಯ್ಯ! ನೋಡಿದ್ರಾ ಅವನ ಮೂಗು!" ಎಂದರು. ಜನ ಹೌದು ಹೌದು ಎಂದು ತಲೆಯಾಡಿಸಿದರು.

ಸೋಮಯ್ಯ ಎರಡೂ ಕೈ ಅಡ್ಡ ಆಡಿಸಿದ. "ಇಲ್ಲ ಕಣ್ರೀ" ಎಂದ. "ಆನೆ ವಾಸ್ನೆ ನಂಗೆ ಬಂದಿದ್ದು ಇವತ್ತೇ ಮೊದ್ಲು. ಇಷ್ಟು ವರ್ಷ ಏನೂ ಬತ್ತಿರ್ಲಿಲ್ಲ. ಸುಮ್ನೆ ಕಳಿಸ್ತಿದ್ದೆ ನಿಮ್ಮನ್ನ." ಹೇಳುತ್ತಾ ಹೇಳುತ್ತಾ ಮಗುವಿನ ಹಾಗೆ ಅತ್ತುಬಿಟ್ಟ. ಒಬ್ಬೊಬ್ಬರೂ ತಾವು ಯಾವ ಯಾವ ಮರದ ಬುಡದಲ್ಲಿ ಕೂತು ಬುತ್ತಿ ಬಿಚ್ಚಿದ್ದೆವು ಎಂದು ನೆನಪಿಸಿಕೊಳ್ಳುತ್ತಿದ್ದರು.

ಎಲ್ಲರ ಕಣ್ಣೂ ಹುಲಿಯಮ್ಮನ ಕಡೆ ಹೋಯಿತು. ದಿನಾ ಮೊದಲು ಒಳಗೆ ಹೋದವಳು ಅವಳೇ. ಅವಳು ಗಂಡನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಎದ್ದು ಸೀರೆ ಕೊಡವಿಕೊಂಡು, ಓಡುವಾಗಲೂ ಬಿಡದೆ ಹಿಡಿದಿದ್ದ ಬುಟ್ಟಿಯನ್ನು ತಂದು ಅವನ ತೊಡೆಯ ಮೇಲಿಟ್ಟಳು.

"ನಾಳೆಯಿಂದ ಗೇಟಲ್ಲಿ ನಾನು ಮೂಸ್ತೀನಿ" ಎಂದಳು. "ನೀನು ಮುಂದೆ ನಡಿ."